ಮೂರನೇ ಕೊಟ್ರೇಶ ಎಲ್ಲಿ ಹೋದ?

ಒಂದು ಪಟ್ಟಿ ಇದೆ: ಕೊಟ್ರೇಶ, ಸವಿತಾ, ಕೊಟ್ರೇಶ, ಗಿರಿಜಾ, ಕೊಟ್ರೇಶ. ಯಾವ ಹೆಸರು ಎಷ್ಟನೇ ಸಲ ಬಂತು ಅಂತ ಪಕ್ಕದಲ್ಲೇ ನಂಬರ್ ಹಾಕಬೇಕು. ಕೊಟ್ರೇಶ 1, ಸವಿತಾ 1, ಕೊಟ್ರೇಶ 2, ಗಿರಿಜಾ 1, ಕೊಟ್ರೇಶ 3. ಐದು ಹೆಸರಾದರೆ ಕಣ್ಣಲ್ಲೇ ನೋಡಿ ಹೇಳಬಹುದು. ಒಂದು ಲಕ್ಷ ಇದ್ದರೆ?

ಮೊದಲು ಹೊಳೆಯುವ ದಾರಿ, ಪ್ರತಿ ಹೆಸರಿಗೂ ಅದರ ಮೇಲಿನ ಸಾಲುಗಳನ್ನೆಲ್ಲ ತಿರುಗಿ ನೋಡುವುದು. ಉತ್ತರವೇನೋ ಸರಿಯಾಗೇ ಬರುತ್ತದೆ. ಆದರೆ ಲಕ್ಷ ಹೆಸರಿಗೆ ಸುಮಾರು 500 ಕೋಟಿ ಸಲ ಹೋಲಿಸಿ ನೋಡಬೇಕು. ಪಟ್ಟಿ ಎರಡರಷ್ಟಾದರೆ ಕೆಲಸ ನಾಲ್ಕರಷ್ಟು.

ಅದಕ್ಕಿಂತ ಲೆಕ್ಕ ನೆನಪಿಟ್ಟುಕೊಳ್ಳುವುದು ಸುಲಭ, ಅಲ್ವಾ? ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ ಡಿಕ್ಷನರಿ ಇದೆ, ಅಂದರೆ ಪ್ರತಿ ಹೆಸರಿನ ಜೊತೆಗೆ ಅದರ ಲೆಕ್ಕವನ್ನೂ ಇಟ್ಟುಕೊಳ್ಳುವ ಪಟ್ಟಿ. ಹೆಸರು ಸಿಕ್ಕಿದ ಕೂಡಲೇ ಡಿಕ್ಷನರಿಯಲ್ಲಿ ಅದರ ಲೆಕ್ಕಕ್ಕೆ ಒಂದು ಕೂಡಿಸಿ, ಬಂದ ಸಂಖ್ಯೆಯನ್ನೇ ಪಕ್ಕದಲ್ಲಿ ಬರೆದು ಮುಂದೆ ಹೋಗಿ. ಪಟ್ಟಿಯನ್ನು ಒಂದೇ ಸುತ್ತು ಓದಿದರೆ ಕೆಲಸ ಮುಗಿಯಿತು. ಡಿಕ್ಷನರಿ ಸಾಲಾಗಿ ಹುಡುಕುತ್ತಾ ಕೂರುವುದಿಲ್ಲ. ಹೆಸರಿನಿಂದಲೇ ಒಂದು ಸಂಖ್ಯೆ ಲೆಕ್ಕ ಹಾಕಿ, ಅದು ತೋರಿಸುವ ಜಾಗಕ್ಕೆ ನೇರ ಹೋಗುತ್ತದೆ. ಹ್ಯಾಶಿಂಗ್ ಅನ್ನುವುದು ಇದನ್ನೇ. ಕಂಪ್ಯೂಟರ್ ಕಂಪನಿ ಐಬಿಎಂನಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ 1953ರಲ್ಲೇ ಈ ಉಪಾಯ ಬರೆದಿಟ್ಟಿದ್ದರು. ನನಗೆ ಇವತ್ತಿಗೂ ಇದು ಬೆರಗು.

ಈಗ ಕನ್ನಡಕ್ಕೆ ಬರೋಣ. ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಟ್ಟಿರುವ ಪದ್ಧತಿಯೇ ಯೂನಿಕೋಡ್. ಯೂನಿಕೋಡ್‌ನಲ್ಲಿ ‘ಕೊ’ ಬರೆಯಲು ಎರಡು ದಾರಿ ಇವೆ. ‘ಕ’ದ ಮುಂದೆ ಒಕಾರದ ಒಂದೇ ಚಿಹ್ನೆ ಇಡಬಹುದು. ಇಲ್ಲವೇ ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎರಡನ್ನೂ ಒಂದರ ಹಿಂದೆ ಒಂದು ಇಡಬಹುದು. ಹಳೇ ಫಾಂಟಿನಿಂದ ಯೂನಿಕೋಡ್‌ಗೆ ಬದಲಾಯಿಸಿದ ಬರಹದಲ್ಲಿ ಈ ಎರಡನೇ ರೂಪ ನುಸುಳಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಹೆಸರಿನ ಉದ್ದ, ಅಂದರೆ ಅದರಲ್ಲಿರುವ ಅಕ್ಷರ-ಚಿಹ್ನೆಗಳು ಒಟ್ಟು ಎಷ್ಟು ಅಂತ ಪೈಥಾನ್‌ಗೆ ಕೇಳಿ: ಒಂದು ಕೊಟ್ರೇಶನಿಗೆ 7, ಇನ್ನೊಬ್ಬನಿಗೆ 8. ಡಿಕ್ಷನರಿಗೆ ಇವರು ಬೇರೆ ಬೇರೆ. ಹಾಗಾಗಿ ನಮ್ಮ ಪಟ್ಟಿಯ ಮೂರನೇ ಕೊಟ್ರೇಶ ಮಾತ್ರ ಎರಡನೇ ರೂಪದಲ್ಲಿದ್ದರೆ, ಅವನಿಗೆ 3ರ ಬದಲು ಮತ್ತೆ 1 ಬೀಳುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ. ಅದೇ ಅಪಾಯ.

ಎಣಿಸುವ ಮೊದಲು ಎಲ್ಲ ಹೆಸರನ್ನೂ ಎನ್‌ಎಫ್‌ಸಿ (ಇಂಥ ಜೋಡಿ ಚಿಹ್ನೆಗಳನ್ನು ಒಂದೇ ಚಿಹ್ನೆಯಾಗಿಸುವ ಯೂನಿಕೋಡ್ ರೂಪ) ಎಂಬ ಒಂದೇ ರೂಪಕ್ಕೆ ತಂದರೆ ಈ ತೊಂದರೆ ಹೋಗುತ್ತದೆ. ಪೈಥಾನ್‌ನಲ್ಲಿ ಅದು ಒಂದೇ ಸಾಲಿನ ಕೆಲಸ. ಕನ್ನಡ ಪಟ್ಟಿ ಮುಟ್ಟುವ ಪ್ರತಿ ಪ್ರೋಗ್ರಾಮಿನಲ್ಲೂ ಆ ಸಾಲು ಇರಲೇಬೇಕು. ಹೆಸರಿನ ಕೊನೆಗೆ ಉಳಿದ ಖಾಲಿ ಜಾಗವನ್ನು ಮಾತ್ರ ಅದು ತೆಗೆಯುವುದಿಲ್ಲ, ಅದನ್ನು ಬೇರೆಯಾಗಿ ತೆಗೆಯಬೇಕು. ಇನ್ನು ‘ಕೊಟ್ರೇಶ’, ‘ಕೊಟ್ರೇಶ್’ ಒಬ್ಬರೋ ಇಬ್ಬರೋ ಅನ್ನುವುದನ್ನು ಯಾವ ಕೋಡೂ ಹೇಳಲಾರದು. ಪಟ್ಟಿ ಬರೆದವರನ್ನೇ ಕೇಳಬೇಕು.