ಕಪಾಟಿನಲ್ಲಿರುವ ಆಟ, ಟೇಪಿನ ಮೇಲಿನ ಬೂಷ್ಟು

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹಳೆಯ ಮನೆಗಳ ಕಪಾಟುಗಳಲ್ಲಿ ಇವತ್ತಿಗೂ ವಿಡಿಯೊ ಕ್ಯಾಸೆಟ್‌ಗಳಿವೆ. ಗಲ್ಫ್‌ನಿಂದ ಊರಿಗೆ ಬಂದವರ ಪೆಟ್ಟಿಗೆಗಳಲ್ಲಿ ವಿಸಿಆರ್ (ವಿಡಿಯೊ ಕ್ಯಾಸೆಟ್ ರೆಕಾರ್ಡರ್) ಬಂದ ಕಾಲದ ಉಳಿಕೆ ಅದು. ಮದುವೆ, ಉಪನಯನಗಳ ಜೊತೆಗೆ ಯಕ್ಷಗಾನ ಬಯಲಾಟ, ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಗಳೂ ಆಗ ಟೇಪಿಗೆ ಏರಿದವು. ತೀರಿಹೋದ ಎಷ್ಟೋ ಭಾಗವತರು, ವೇಷಧಾರಿಗಳು, ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತನಾಡುವ ಅರ್ಥಧಾರಿಗಳು ಹಾಡುತ್ತ, ಕುಣಿಯುತ್ತ, ಮಾತನಾಡುತ್ತ ಇರುವುದು ಬಹುಶಃ ಆ ಟೇಪುಗಳಲ್ಲಿ ಮಾತ್ರ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವರಿಗೆ ಇದು ಸಣ್ಣ ಆಸ್ತಿಯಲ್ಲ.

ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ತಂದ ವಿಎಚ್‌ಎಸ್ ಕ್ಯಾಸೆಟ್‌ಗಳೇ ಇವುಗಳಲ್ಲಿ ಹೆಚ್ಚಿನವು. ಮನುಷ್ಯನ ಕಿವಿ ಕೇಳುವುದು ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳವರೆಗೆ. ಟಿವಿಯ ಚಿತ್ರಕ್ಕಾದರೋ ಹತ್ತಾರು ಲಕ್ಷ ಬೇಕು. ಅಷ್ಟನ್ನು ಅಳಿಸಿಹೋಗದಂತೆ ಬರೆಯಬೇಕಾದರೆ ಟೇಪು ಮತ್ತು ಅದರ ಮೇಲೆ ಸಂಕೇತವನ್ನು ಬರೆಯುವ, ಓದುವ ಹೆಡ್ಡು ಒಂದಕ್ಕೊಂದು ಸೆಕೆಂಡಿಗೆ ಸುಮಾರು 4.87 ಮೀಟರ್ ವೇಗದಲ್ಲಿ ಸರಿಯಬೇಕು. ಹೆಡ್ಡನ್ನು ನಿಲ್ಲಿಸಿ ಟೇಪನ್ನೇ ಆ ವೇಗದಲ್ಲಿ ಓಡಿಸಿದ್ದರೆ ಮೂರು ಗಂಟೆಗೆ 52 ಕಿಲೋಮೀಟರ್ ಟೇಪು ಬೇಕಾಗುತ್ತಿತ್ತು. ಕಾಸರಗೋಡಿನಿಂದ ಮಂಗಳೂರಿಗೆ ಹಾಸುವಷ್ಟು. ಕ್ಯಾಸೆಟ್‌ನಲ್ಲಿ ಇರುವುದು ಸುಮಾರು 250 ಮೀಟರ್!

ಓಡುವುದು ಹೆಡ್ಡು ಎಂಬುದೇ ಇದರ ಗುಟ್ಟು. 62 ಮಿಲಿಮೀಟರ್ ವ್ಯಾಸದ ಹೊಳೆಯುವ ಡ್ರಮ್ಮಿನಲ್ಲಿ ಎರಡು ಹೆಡ್‌ಗಳು ಎದುರುಬದುರಾಗಿ ಕುಳಿತಿವೆ. ನಮ್ಮಲ್ಲಿನ ಪಾಲ್ ಎಂಬ ಟಿವಿ ಪದ್ಧತಿಯ ಯಂತ್ರದಲ್ಲಿ ಆ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದನ್ನು ಓರೆಯಾಗಿ ಸುತ್ತಿಕೊಂಡ ಟೇಪು ಸೆಕೆಂಡಿಗೆ 2.34 ಸೆಂಟಿಮೀಟರ್‌ನಷ್ಟೇ ತೆವಳುತ್ತದೆ. ಹೆಡ್ಡು ಒಮ್ಮೆ ಹಾದುಹೋದರೆ ಟೇಪಿನ ಮೇಲೆ 0.05 ಮಿಲಿಮೀಟರ್‌ಗಿಂತ ಕಿರಿದಾದ ಓರೆಗೆರೆಯೊಂದು ಮೂಡುತ್ತದೆ. ಒಂದು ಗೆರೆಯಲ್ಲಿ ಅರ್ಧ ಚಿತ್ರ. ಗೆರೆಗಳ ನಡುವೆ ಖಾಲಿ ಜಾಗವೇ ಇಲ್ಲ. ಎರಡು ಹೆಡ್‌ಗಳ ಸೀಳುಗಳನ್ನು ಆರಾರು ಡಿಗ್ರಿ ವಿರುದ್ಧ ದಿಕ್ಕಿಗೆ ವಾಲಿಸಿರುವುದರಿಂದ ಒಂದು ಬರೆದದ್ದನ್ನು ಇನ್ನೊಂದು ಸರಿಯಾಗಿ ಓದಲಾರದು, ಹಾಗಾಗಿ ಅಕ್ಕಪಕ್ಕದ ಗೆರೆಗಳು ಕಲಸಿಕೊಳ್ಳುವುದಿಲ್ಲ. ಎಷ್ಟು ಸಲ ಯೋಚಿಸಿದರೂ ನನಗೆ ಬೆರಗು ತರಿಸುವ ಉಪಾಯವಿದು.

ಇಷ್ಟು ಸೂಕ್ಷ್ಮವಾದ ಬರಹಕ್ಕೆ ಶತ್ರು ನಮ್ಮ ಆಟಿ ತಿಂಗಳ ಮಳೆ. ಕರಾವಳಿಯ ಮಳೆಗಾಲದ ತೇವದಲ್ಲಿ ಟೇಪಿನ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್‌ನ ಕಿಟಕಿಯಿಂದಲೇ ಅದು ಕಾಣುತ್ತದೆ. ಚಿತ್ರದ ಸಂಕೇತದ ಅತಿ ಕಿರಿದಾದ ಅಲೆಯ ಉದ್ದ ಟೇಪಿನ ಮೇಲೆ ಸುಮಾರು ಒಂದು ಮೈಕ್ರೊಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹೆಡ್ಡು ಟೇಪಿನಿಂದ ಅಷ್ಟೇ ದೂರ ಮೇಲೆದ್ದರೂ ಆ ಸಂಕೇತದ ಬಲ ಐನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೂಷ್ಟಿನ ಒಂದು ಎಳೆ ಅದಕ್ಕಿಂತ ಹಲವು ಪಟ್ಟು ದಪ್ಪ. ಆದ್ದರಿಂದಲೇ ಚಿತ್ರ ಮಸುಕಾಗುವ ಬದಲು ತುಂಡುತುಂಡಾಗಿ ಮಾಯವಾಗುತ್ತದೆ, ತೆರೆಯ ತುಂಬ ಬಿಳಿ ಗೀರುಗಳು ಓಡುತ್ತವೆ. ಇದರ ಜೊತೆಗೆ, ಕಬ್ಬಿಣದ ಆಕ್ಸೈಡ್ ಕಣಗಳನ್ನು ಪಾಲಿಯೆಸ್ಟರ್ ಪಟ್ಟಿಗೆ ಹಿಡಿದಿಟ್ಟಿರುವ ಅಂಟನ್ನೂ ತೇವ ಮೆಲ್ಲಮೆಲ್ಲನೆ ಒಡೆಯುತ್ತದೆ.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿ ನೋಡೋಣವೆಂದು ಹೊರಡಬೇಡಿ. ಅದರ ಪುಡಿ ಹೆಡ್ಡಿಗೆ ಮೆತ್ತಿಕೊಂಡು ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್‌ಗೂ ಅಂಟುತ್ತದೆ; ಟೇಪು ಹರಿಯಲೂಬಹುದು. ಅಂಥದ್ದನ್ನು ಬೇರೆಯಾಗಿಟ್ಟು, ಒಣಗಿಸಿ, ಮಾಸ್ಕ್ ಧರಿಸಿ, ಬಲ್ಲವರ ಕೈಯಿಂದಲೇ ಸ್ವಚ್ಛ ಮಾಡಿಸಬೇಕು.

ತಾಳಮದ್ದಳೆಯಲ್ಲಿ ಮಾತೇ ಎಲ್ಲ, ಆದ್ದರಿಂದ ಧ್ವನಿಯ ಬಗ್ಗೆ ನನಗೆ ಇನ್ನೂ ಹೆಚ್ಚು ಕಾಳಜಿ. ಸಾಮಾನ್ಯ ವಿಸಿಆರ್ ಧ್ವನಿಯನ್ನು ತಿರುಗುವ ಡ್ರಮ್ಮಿನಿಂದ ಬರೆಯುವುದಿಲ್ಲ. ಟೇಪಿನ ಮೇಲಂಚಿನಲ್ಲಿ, ನಿಂತ ಹೆಡ್ಡೊಂದು ಅದನ್ನು ಬರೆಯುತ್ತದೆ. ಅಲ್ಲಿ ಟೇಪಿನ ವೇಗ ಆಡಿಯೊ ಕ್ಯಾಸೆಟ್‌ನ ವೇಗದ ಅರ್ಧದಷ್ಟು ಮಾತ್ರ. ಇಡೀ ರಾತ್ರಿಯ ಆಟ ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಮುಗಿಯುವಂಥದ್ದಲ್ಲ. ಎರಡರಷ್ಟು ಹೊತ್ತು ಹಿಡಿಸಲು ನಿಧಾನಗತಿಯಲ್ಲಿ ರೆಕಾರ್ಡ್ ಮಾಡಿದ್ದರೆ ಆ ವೇಗವೂ ಅರ್ಧವಾಗಿರುತ್ತದೆ. ಚಕ್ರತಾಳದ ಝೇಂಕಾರ, ಶಕಾರ ಸಕಾರಗಳ ಮೊನಚು ಮೊದಲು ಹೋಗುವುದು ಅಲ್ಲೇ. ನಕಲಿನಿಂದ ನಕಲು ಮಾಡಿದಾಗಲೂ ಪ್ರತಿ ಸಲ ಇನ್ನಷ್ಟು ಕಳೆದುಹೋಗುತ್ತದೆ. ಹಾಗಾಗಿ ಒಂದೇ ಆಟದ ಕ್ಯಾಸೆಟ್ ನಾಲ್ಕು ಮನೆಗಳಲ್ಲಿದ್ದರೆ ಮೂಲ ಯಾವುದೆಂದು ಹುಡುಕಿ ಅದನ್ನೇ ಡಿಜಿಟಲ್‌ಗೆ ಇಳಿಸಿ.

ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಈಗ ಇರುವ ಯಂತ್ರಗಳ ಹೆಡ್ಡು ಸವೆದರೆ ಹೊಸದು ಸಿಗುವುದು ಕಷ್ಟ, ರಿಪೇರಿ ಬಲ್ಲವರೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮುಂದಿನ ಮಳೆಗಾಲಕ್ಕೆ ಮೊದಲೇ ಕಪಾಟು ತೆರೆಯಿರಿ. ಕ್ಯಾಸೆಟ್‌ನ ಬೆನ್ನಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಬಿಲ್ಲೆಯನ್ನು ಮುರಿದು ತೆಗೆದರೆ ಅದರ ಮೇಲೆ ಯಾರೂ ತಪ್ಪಿ ಮತ್ತೆ ರೆಕಾರ್ಡ್ ಮಾಡಲಾಗದು. ಡಿಜಿಟಲ್ ಪ್ರತಿ ಸಿದ್ಧವಾದ ಮೇಲೆ ಯಾವ ಮೇಳ, ಯಾವ ಪ್ರಸಂಗ, ಯಾರ ಭಾಗವತಿಕೆ, ಯಾರ ಅರ್ಥ ಎಂಬುದನ್ನು ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ, ಫೈಲಿನ ಹೆಸರಿನಲ್ಲೇ ಬರೆದಿಡಿ.