ಮೇಜ್ ವಾರ್: ಗೆರೆಗಳ ಚಕ್ರವ್ಯೂಹ ಹೇಗೆ ನಡೆಯುತ್ತಿತ್ತು?

1973. ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಸಂಶೋಧನಾ ಕೇಂದ್ರ. ಅಲ್ಲಿ ಸ್ಟೀವ್ ಕಾಲಿ ಇಮ್ಲ್ಯಾಕ್ ಪಿಡಿಎಸ್-1 ಕಂಪ್ಯೂಟರಿನಲ್ಲಿ ಘನಾಕೃತಿಗಳನ್ನು ತಿರುಗಿಸಿ ತೋರಿಸುವ ಪ್ರೋಗ್ರಾಂ ಬರೆಯುತ್ತಿದ್ದರು. ಇದರ ಪರದೆಯಲ್ಲಿ ಪಿಕ್ಸೆಲ್ ಇಲ್ಲ, ಬರೀ ಗೆರೆಗಳು. ಹಾಗಾಗಿ ಪೆಟ್ಟಿಗೆಯ ಹಿಂಬದಿಯ ಅಂಚುಗಳೂ ಕಾಣಿಸಿಬಿಡುತ್ತವೆ. ಯಾವ ಗೆರೆ ಮರೆಯಾಗಬೇಕು ಅಂತ ಲೆಕ್ಕ ಹಾಕುವುದು ಆ ಕಾಲದ ಯಂತ್ರಕ್ಕೆ ಭಾರೀ ಕೆಲಸ.

ಈ ಕೆಲಸದಿಂದಲೇ ಹುಟ್ಟಿದ್ದು ಮೇಜ್ ವಾರ್, ಆಟಗಾರ ಚಕ್ರವ್ಯೂಹದೊಳಗೆ ತಾನೇ ನಡೆಯುವಂತೆ ಕಾಣುವ ಕಂಪ್ಯೂಟರ್ ಆಟ. ಚಕ್ರವ್ಯೂಹ ಆ ಭಾರವನ್ನು ಇಳಿಸುತ್ತದೆ. ಹೇಗೆ ಅನ್ನೋದೇ ನನ್ನನ್ನು ಜಾಸ್ತಿ ಹೊತ್ತು ಹಿಡಿದು ಕೂರಿಸಿದ ಭಾಗ. ಆಟಗಾರ ಒಂದು ಸಲಕ್ಕೆ ಒಂದೇ ಚೌಕ ನಡೆಯಬಹುದು, ತಿರುಗಿದರೆ ಪೂರ್ತಿ 90 ಡಿಗ್ರಿ. ಅಂದರೆ ನೋಟಕ್ಕೆ ನಾಲ್ಕೇ ದಿಕ್ಕು. ಈಗ ನೀವು ಉತ್ತರಕ್ಕೆ ಮುಖ ಮಾಡಿ ನಿಂತಿದ್ದೀರಿ ಅನ್ನಿ. ನಿಮ್ಮ ಚೌಕದಿಂದ ಶುರುಮಾಡಿ. ಎಡಕ್ಕೆ ಗೋಡೆ ಇದೆಯೇ? ಇದ್ದರೆ ಒಳಕ್ಕೆ ಓರೆಯಾಗಿ ಹೋಗುವ ಗೆರೆ ಎಳೆಯಿರಿ. ಇಲ್ಲದಿದ್ದರೆ ಅಲ್ಲಿ ಅಡ್ಡ ದಾರಿಯ ಬಾಯಿ. ಬಲಕ್ಕೂ ಹಾಗೇ. ಎದುರಿಗೆ ಗೋಡೆ ಇಲ್ವಾ? ಮುಂದಿನ ಚೌಕಕ್ಕೆ ಹೋಗಿ ಅದೇ ಪ್ರಶ್ನೆ ಕೇಳಿ, ಗೆರೆಗಳನ್ನು ಸ್ವಲ್ಪ ಚಿಕ್ಕದಾಗಿ ಎಳೆಯಿರಿ. ಎದುರಿಗೆ ಗೋಡೆ ಸಿಕ್ಕ ಕೂಡಲೇ ಒಂದು ಚೌಕಟ್ಟು ಎಳೆದು ನಿಲ್ಲಿಸಿ. ಅದರ ಹಿಂದಿನದನ್ನು ಎಳೆದೇ ಇಲ್ಲ, ಇನ್ನು ಅಳಿಸುವ ಮಾತೆಲ್ಲಿ? ಎಷ್ಟು ಚೆಂದದ ಉಪಾಯ ಅಲ್ವಾ! ಒಂದು ಹಾಳೆಯಲ್ಲಿ ಸುಮ್ನೆ ಗೀಚಿ ನೋಡಿ, ತಾನಾಗಿ ಹೊಳೆಯುತ್ತದೆ.

ಒಬ್ಬರೇ ಸುತ್ತಿ ಸುತ್ತಿ ಬೇಗ ಬೇಜಾರಾಯಿತು. ಆಗ ಸ್ಟೀವ್ ಅಲ್ಲಿದ್ದ ವಿದ್ಯಾರ್ಥಿಗಳಾದ ಗ್ರೆಗ್ ಥಾಂಪ್ಸನ್, ಹೊವಾರ್ಡ್ ಪಾಮರ್ ಜೊತೆ ಸೇರಿ ಎರಡು ಇಮ್ಲ್ಯಾಕ್‌ಗಳನ್ನು ಸೀರಿಯಲ್ ಪೋರ್ಟ್‌ಗಳ (ಮಾಹಿತಿಯನ್ನು ಒಂದೊಂದೇ ಬಿಟ್ ಆಗಿ ಕಳಿಸುವ ಕಿಂಡಿಗಳ) ಮೂಲಕ ಜೋಡಿಸಿದರು. ಅಷ್ಟು ನಿಧಾನದ ತಂತಿಯಲ್ಲಿ ಆಟ ಹೇಗೆ ಓಡುತ್ತದೆ? ಚಿತ್ರ ತಂತಿಯಲ್ಲಿ ಹೋಗುವುದೇ ಇಲ್ಲ, ಅದಕ್ಕೆ. ಇಬ್ಬರ ಹತ್ತಿರವೂ ಒಂದೇ ನಕ್ಷೆ ಇದೆ. ಎದುರಾಳಿ ಯಾವ ಚೌಕದಲ್ಲಿದ್ದಾನೆ, ಎತ್ತ ನೋಡುತ್ತಿದ್ದಾನೆ, ಇಷ್ಟು ತಿಳಿದರೆ ಸಾಕು. ಚಿತ್ರ ಬಿಡಿಸುವುದು ಆಯಾ ಯಂತ್ರದ ಕೆಲಸ. ಒಬ್ಬರಿಗೊಬ್ಬರು ಗುಂಡು ಹಾರಿಸುವುದು ಆಮೇಲೆ ಸೇರಿತು.

1974ರಲ್ಲಿ ಥಾಂಪ್ಸನ್ ಓದಲು ಎಂಐಟಿಗೆ ಹೋದಾಗ ಆಟವೂ ಜೊತೆಗೆ ಹೋಯಿತು. ಅಲ್ಲಿ ಡೇವ್ ಲೆಬ್ಲಿಂಗ್ ಪಿಡಿಪಿ-10 ಎಂಬ ದೊಡ್ಡ ಕಂಪ್ಯೂಟರಿಗೆ ಸರ್ವರ್, ಅಂದರೆ ಎಲ್ಲ ಆಟಗಾರರನ್ನು ಬೆಸೆಯುವ ಪ್ರೋಗ್ರಾಂ, ಬರೆದರು. ಎಂಟು ಜನ ಒಟ್ಟಿಗೆ ಆಡುವಂತಾಯಿತು, ಕಂಪ್ಯೂಟರೇ ಆಡಿಸುವ ರೋಬೋಟ್‌ಗಳೂ ಬಂದವು. ಮುಂದೆ ಜೆರಾಕ್ಸ್ ಆಲ್ಟೋ ಕಂಪ್ಯೂಟರಿನ ಈಥರ್ನೆಟ್ (ಕಂಪ್ಯೂಟರ್‌ಗಳನ್ನು ಜೋಡಿಸುವ ಜಾಲ) ಆವೃತ್ತಿಯಲ್ಲಿ ಆಟಗಾರರು ದೊಡ್ಡ ಕಣ್ಣುಗುಡ್ಡೆಗಳಾಗಿ ಕಾಣಿಸಿಕೊಂಡರು.

ಇದೇ ಜಾಡಿನಲ್ಲಿ 1987ರಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ಬಂದ ಮಿಡಿ ಮೇಜ್ ಆಟ ನನಗೆ ಇನ್ನೂ ಇಷ್ಟ. ಸಂಗೀತ ವಾದ್ಯಗಳಿಗೆ ಇದ್ದ ಮಿಡಿ ಕೇಬಲ್‌ಗಳಿಂದ 16 ಕಂಪ್ಯೂಟರ್‌ಗಳವರೆಗೆ ಬಳೆಯಂತೆ ಸುತ್ತ ಜೋಡಿಸಬಹುದಿತ್ತು. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್ ಮಾತ್ರ. ಚಿತ್ರ ಕಳಿಸಬೇಕಿಲ್ಲವಾದ್ದರಿಂದ ಅಷ್ಟರಲ್ಲೇ ಆಟ ನಡೆಯಿತು.