ಒಪ್ಪಂದ ದೆಹಲಿಯದು, ಬೆಳೆ ರಾಜ್ಯದ್ದು

ವಿದೇಶಿ ವ್ಯಾಪಾರದ ಕಾನೂನು ನೋಡಿಕೊಳ್ಳುವ ವಕೀಲ ನಾನು. ಮೆಣಸಿನ ಬೆಲೆ ಇಳಿದಾಗ ಕೊಡಗು, ಚಿಕ್ಕಮಗಳೂರು ಕಡೆಯ ಬೆಳೆಗಾರರು ಒಂದೇ ಪ್ರಶ್ನೆ ಕೇಳುತ್ತಾರೆ: ‘ಕೃಷಿ ರಾಜ್ಯದ ವಿಷಯ ಅಲ್ವಾ ಸಾರ್? ಹೊರಗಿನ ಮೆಣಸು ಬರೋದನ್ನ ರಾಜ್ಯ ಯಾಕೆ ತಡೆಯಲ್ಲ?’

ತಡೆಯಲು ಬರುವುದಿಲ್ಲ. ಕೇಂದ್ರಕ್ಕೆ ಯಾವ ವಿಷಯ, ರಾಜ್ಯಕ್ಕೆ ಯಾವುದು ಎಂದು ಹಂಚುವ ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿ. ರಾಜ್ಯಪಟ್ಟಿಯ 14ನೇ ನಮೂದು ಕೃಷಿ. ಕೇಂದ್ರಪಟ್ಟಿಯಲ್ಲೂ ಒಂದು 14ನೇ ನಮೂದಿದೆ: ವಿದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದು, ಜಾರಿಗೆ ತರುವುದು. ಇವೆರಡೂ ಡಿಕ್ಕಿ ಹೊಡೆದರೆ 253ನೇ ವಿಧಿ ಕೇಂದ್ರದ ಪರ. ಒಪ್ಪಂದದ ಜಾರಿಗಾಗಿ ಸಂಸತ್ತು ರಾಜ್ಯದ ವಿಷಯದಲ್ಲೂ ಕಾನೂನು ಮಾಡಬಹುದು. ರಾಜ್ಯವನ್ನು ಕೇಳಲೇಬೇಕೆಂದಿಲ್ಲ.

ಶ್ರೀಲಂಕಾ ಜೊತೆ 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದ ಹೀಗೆಯೇ ಆಯಿತು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಮೆಣಸೆಂಬ ಹೆಸರಲ್ಲಿ ಆ ದಾರಿಯಲ್ಲಿ ನುಸುಳುತ್ತಿದೆ ಎಂದು ಬೆಳೆಗಾರರು ದೂರಿದರು. 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆಗೆ ಮೆಣಸು ತರಿಸುವಂತಿಲ್ಲ ಎಂದು ಕನಿಷ್ಠ ಆಮದು ಬೆಲೆ ಗೊತ್ತುಮಾಡಿದ್ದೂ ದೆಹಲಿಯೇ. 2009ರಲ್ಲಿ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದದ ವಿರುದ್ಧ ಕೇರಳದಲ್ಲಿ ಮಾನವ ಸರಪಳಿಯೇ ನಡೆಯಿತು. 2010ರ ಜನವರಿಯಲ್ಲಿ ಅದು ಜಾರಿಗೆ ಬಂದೇ ಬಂತು.

ಬೆಲ್ಜಿಯಂ ಇದಕ್ಕೆ ಪೂರ್ತಿ ಉಲ್ಟಾ. 2016ರ ಅಕ್ಟೋಬರ್‌ನಲ್ಲಿ ಅಲ್ಲಿನ ವಲೋನಿಯಾ ಪ್ರಾಂತ್ಯ ‘ಒಪ್ಪಲ್ಲ’ ಎಂದಿದ್ದಕ್ಕೆ ಇಡೀ ಯುರೋಪಿಯನ್ ಒಕ್ಕೂಟ ಕೆನಡಾ ಜೊತೆಗಿನ ವ್ಯಾಪಾರ ಒಪ್ಪಂದದ ಸಹಿಯನ್ನು ಮುಂದೂಡಬೇಕಾಯಿತು. ಪ್ರಾಂತ್ಯದ ಜನಸಂಖ್ಯೆ ಸುಮಾರು 36 ಲಕ್ಷ, ಅಷ್ಟೇ. ನಮ್ಮಲ್ಲಿ ಪ್ರತಿ ರಾಜ್ಯಕ್ಕೂ ಇಂಥ ಅಧಿಕಾರ ಕೊಟ್ಟರೆ ಯಾವ ಒಪ್ಪಂದವೂ ಮುಗಿಯಲ್ಲ.

ನನಗೆ ಹಿಡಿಸುವುದು ಕೆನಡಾದ ರೀತಿ. 1937ರ ಒಂದು ತೀರ್ಪಿನ ಪ್ರಕಾರ ಅಲ್ಲಿ ಸಹಿ ಕೇಂದ್ರದ್ದು. ಪ್ರಾಂತ್ಯದ ವಿಷಯವಾದರೆ ಜಾರಿ ಮಾಡುವುದು ಪ್ರಾಂತ್ಯ. ಅದಕ್ಕೇ ಆ ಒಪ್ಪಂದದಲ್ಲಿ ಯುರೋಪಿನವರು ಕೆನಡಾದ ಪ್ರಾಂತ್ಯಗಳೂ ಮಾತುಕತೆಗೆ ಬರಲಿ ಎಂದು ಪಟ್ಟು ಹಿಡಿದರು. ಅವರಿಗೆ ಬೇಕಿದ್ದದ್ದು ಪ್ರಾಂತ್ಯಗಳ ಸರ್ಕಾರಿ ಖರೀದಿ.

ನಮ್ಮಲ್ಲೂ ಗಾಳಿ ಅತ್ತಲೇ ಬೀಸುತ್ತಿದೆ ಅನಿಸುತ್ತದೆ. ಈಗಿನ ಒಪ್ಪಂದಗಳು ಬರೀ ಸುಂಕದ ಮಾತಾಡುವುದಿಲ್ಲ. ಸರ್ಕಾರಿ ಟೆಂಡರ್, ಪರವಾನಗಿ, ಗುಣಮಟ್ಟ ಎಲ್ಲವೂ ಅದರೊಳಗಿವೆ. ಇವುಗಳಲ್ಲಿ ಎಷ್ಟೋ ನಡೆಯುವುದು ರಾಜ್ಯದ ಕಚೇರಿಗಳಲ್ಲಿ. ತೆರಿಗೆ ದರ ತೀರ್ಮಾನಿಸುವ ಜಿಎಸ್‌ಟಿ ಮಂಡಳಿಯಲ್ಲಿ ಮೂರನೇ ಎರಡು ಪಾಲು ಮತ ರಾಜ್ಯಗಳದ್ದು. ವ್ಯಾಪಾರ ಒಪ್ಪಂದಕ್ಕೆ ಅಂಥ ಮಂಡಳಿಯೇ ಇಲ್ಲ. ಮತ ಬೇಡ, ಸಹಿಗೆ ಮೊದಲು ಕರಡು ತೋರಿಸುವ ಒಂದು ಸಭೆಯಾದರೂ ಕಡ್ಡಾಯವಾಗಲಿ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದ ಕೇಂದ್ರದ ಟೆಂಡರ್‌ಗಳಿಗಷ್ಟೇ ಬಾಗಿಲು ತೆರೆದಿದೆ. ಮುಂದೆ ಯಾರಾದರೂ ರಾಜ್ಯಗಳ ಟೆಂಡರ್ ಕೂಡ ಬೇಕೆಂದು ಕೂತರೆ, ದೆಹಲಿಯೇ ಬೆಂಗಳೂರಿಗೆ ಫೋನ್ ಮಾಡಬೇಕಾಗುತ್ತದೆ.